ಗುಳಿಗೆ ಅದೇ, ದಿನ ಬೇರೆ

ಕಲಬುರಗಿಯ ಬಡಾವಣೆಯೊಂದರಲ್ಲಿ ಹಿರಿಯ ನಾಗರಿಕರ ಎದುರು ಮಧುಮೇಹದ ಗುಳಿಗೆಗಳ ಬಗ್ಗೆ ಮಾಡಿದ ಉಪನ್ಯಾಸದ ಬರಹ ರೂಪ

ಹಿರಿಯರೇ, ತಾಯಂದಿರೇ, ಇಂದು ಬರುವಾಗ ನೀವು ನಿತ್ಯ ತೆಗೆದುಕೊಳ್ಳುವ ಗುಳಿಗೆಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿಕೊಂಡು ಬನ್ನಿರೆಂದು ಸಂಘಟಕರ ಮೂಲಕ ಹೇಳಿ ಕಳುಹಿಸಿದ್ದೆ. ಅದರಂತೆ ತಂದು ಈ ಮೇಜಿನ ಮೇಲೆ ಇಟ್ಟಿದ್ದೀರಿ. ಕಾರ್ಯಕ್ರಮ ಆರಂಭವಾಗುವ ಮುನ್ನ ಹತ್ತು ನಿಮಿಷ ಇವುಗಳನ್ನು ನೋಡುತ್ತ ನಿಂತಿದ್ದೆ. ಪೂರ್ತಿ ಸ್ಟ್ರಿಪ್‌ಗಳಿವೆ, ಕತ್ತರಿಯಿಂದ ಕತ್ತರಿಸಿ ಕೊಟ್ಟ, ಹೆಸರಿನ ಕೊನೆಯ ಎರಡು ಅಕ್ಷರಗಳು ಮಾತ್ರ ಉಳಿದಿರುವ ತುಂಡುಗಳಿವೆ, ಒಂದು ಎಲೆಯಡಿಕೆ ಡಬ್ಬಿಯಲ್ಲಿ ಬಿಳಿ, ಹಸಿರು, ಹಳದಿ ಗುಳಿಗೆಗಳು ಅಡಿಕೆ ಚೂರುಗಳ ಜೊತೆ ಕಲೆತು ಕುಳಿತಿವೆ. ‘ಇವು ಯಾತರ ಗುಳಿಗೆ, ಯವ್ವಾ?’ ಎಂದು ಡಬ್ಬಿಯ ಒಡತಿಯನ್ನು ಕೇಳಿದೆ. ‘ಸಕ್ರಿ ಗುಳಗಿರಿ ಸಾಹೇಬ್ರ. ಮುಂಜಾನೆ ಬಿಳಿದು, ಸಂಜಿಗಿ ಹಸರು’ ಎಂದರು. ಹಳದಿ ಯಾವುದಕ್ಕೆಂದು ಕೇಳಿದಾಗ ಸ್ವಲ್ಪ ಹೊತ್ತು ಯೋಚಿಸಿ, ಅದು ತಮ್ಮ ಯಜಮಾನರದಿರಬೇಕು ಎಂದರು.

ಬಣ್ಣದಿಂದ ಗುಳಿಗೆಯನ್ನು ಗುರುತಿಸುವುದು ನಮ್ಮಲ್ಲಿ ಬಹಳ ಮನೆಗಳ ರೂಢಿ. ಆದರೆ ಒಂದೇ ಔಷಧವನ್ನು ಒಂದು ಕಂಪನಿ ಬಿಳಿಯಾಗಿ ಮಾಡಿದರೆ ಇನ್ನೊಂದು ಕಂಪನಿ ಹಸಿರಾಗಿ ಮಾಡುತ್ತದೆ. ಅಂಗಡಿಯವರು ‘ಅದು ಇಲ್ಲ, ಇದೂ ಅದೇ’ ಎಂದು ಬೇರೆ ಕಂಪನಿಯದನ್ನು ಕೊಟ್ಟ ದಿನವೇ ಬಣ್ಣದ ಲೆಕ್ಕ ತಪ್ಪುತ್ತದೆ. ಆದ್ದರಿಂದ ಇಂದು ನಾನು ಯಾರಿಗೂ ಹೊಸ ಗುಳಿಗೆ ಹೇಳುವುದಿಲ್ಲ, ಇರುವುದನ್ನು ಬಿಡಿಸುವುದೂ ಇಲ್ಲ. ಅದು ನಿಮ್ಮನ್ನು ಪರೀಕ್ಷಿಸಿದ ವೈದ್ಯರ ಕೆಲಸ. ನಾನು ಹೇಳಬೇಕೆಂದಿರುವ ಸಂಗತಿ ಬೇರೆ. ಗುಳಿಗೆ ಪ್ರತಿದಿನವೂ ಅದೇ ಇರುತ್ತದೆ, ಆದರೆ ಅದನ್ನು ನುಂಗುವವರ ದಿನ ಪ್ರತಿದಿನವೂ ಒಂದೇ ಆಗಿರುವುದಿಲ್ಲ. ಊಟ ತಪ್ಪಿದ ದಿನ, ವಾಂತಿಭೇದಿಯಾದ ದಿನ, ಉಪವಾಸದ ದಿನ, ಸ್ಕ್ಯಾನಿಂಗ್‌ಗೆ ಹೋದ ದಿನ, ಇಂಥ ದಿನಗಳಲ್ಲಿಯೇ ನಿನ್ನೆಯವರೆಗೆ ಕಾಪಾಡಿದ ಗುಳಿಗೆ ಕೈಕೊಡುತ್ತದೆ. ಎರಡು ದಶಕಗಳಿಂದ ಈ ಊರಿನಲ್ಲಿ ರೋಗಿಗಳನ್ನು ನೋಡುತ್ತಿರುವ ನನಗೆ, ಸಕ್ಕರೆ ಗುಳಿಗೆಯಿಂದ ತೊಂದರೆಗೆ ಸಿಕ್ಕವರಲ್ಲಿ ಹೆಚ್ಚಿನವರು ಔಷಧವನ್ನು ತಪ್ಪಿಸಿದವರಲ್ಲ, ದಿನ ಬದಲಾದರೂ ಅದನ್ನು ತಪ್ಪದೆ ತೆಗೆದುಕೊಂಡವರು ಎಂಬುದು ಕಂಡಿದೆ.

2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಸುಮಾರು 10.1 ಕೋಟಿ ಜನರಿಗೆ ಮಧುಮೇಹವಿದೆ. ಅವರಲ್ಲಿ ಬಹುಪಾಲು ಜನರದು ಎರಡನೇ ಬಗೆಯ ಮಧುಮೇಹ, ಮತ್ತು ಅವರಲ್ಲಿ ಹೆಚ್ಚಿನವರ ಚಿಕಿತ್ಸೆ ಆರಂಭವಾಗುವುದು ಬಾಯಿಯಿಂದ ನುಂಗುವ ಗುಳಿಗೆಯಿಂದಲೇ. ಆ ಗುಳಿಗೆಗಳಲ್ಲಿ ಮೊದಲನೆಯದು ಮೆಟ್‌ಫಾರ್ಮಿನ್. ಈ ಮೇಜಿನ ಮೇಲಿರುವ ಚೀಲಗಳಲ್ಲಿ ಒಂದೆರಡನ್ನು ಬಿಟ್ಟರೆ ಎಲ್ಲದರಲ್ಲಿಯೂ ಅದಿದೆ.

ಮೆಟ್‌ಫಾರ್ಮಿನ್‌ನ ಮೂಲ ಯುರೋಪಿನ ಹೊಲಗಳಲ್ಲಿ ಬೆಳೆಯುವ ಗಲೇಗಾ ಎಂಬ ಗಿಡದಲ್ಲಿದೆ. ಅದು ನಮ್ಮ ತೊಗರಿಯಂತೆಯೇ ಕಾಯಿ ಬಿಡುವ ದ್ವಿದಳ ಕುಲದ್ದು. ತೊಗರಿಯ ನಾಡಿನವರಾದ ನಮಗೆ ಅದು ದೂರದ ನಂಟು ಎನ್ನಬಹುದು. ಆ ಗಿಡದಲ್ಲಿದ್ದ ಗ್ವಾನಿಡಿನ್ ಜಾತಿಯ ವಸ್ತುಗಳು ಸಕ್ಕರೆಯನ್ನು ಇಳಿಸುತ್ತವೆಂದು ಗೊತ್ತಾದ ಕಾಲದಲ್ಲಿ, 1922ರಲ್ಲಿ, ಡಬ್ಲಿನ್‌ನ ಪ್ರಯೋಗಾಲಯದಲ್ಲಿ ಮೆಟ್‌ಫಾರ್ಮಿನ್ ತಯಾರಾಯಿತು. ಆದರೆ ಅದನ್ನು ಮಧುಮೇಹಿಗಳಿಗೆ ಕೊಟ್ಟು ಫಲಿತಾಂಶ ಪ್ರಕಟಿಸಿದವರು ಪ್ಯಾರಿಸ್‌ನ ವೈದ್ಯ ಜಾನ್ ಸ್ಟರ್ನ್, 1957ರಲ್ಲಿ. ಅದರ ಅಣ್ಣನಂತಿದ್ದ ಫೆನ್‌ಫಾರ್ಮಿನ್ ಎಂಬ ಔಷಧ ರಕ್ತದಲ್ಲಿ ಲ್ಯಾಕ್ಟಿಕ್ ಆಮ್ಲವನ್ನು ಅಪಾಯದ ಮಟ್ಟಕ್ಕೆ ಏರಿಸಿ ಜೀವ ತೆಗೆಯುತ್ತಿದ್ದುದರಿಂದ ಅಮೆರಿಕದಲ್ಲಿ 1970ರ ದಶಕದ ಕೊನೆಗೆ, ನಮ್ಮಲ್ಲಿ 2003ರಲ್ಲಿ ನಿಷೇಧಕ್ಕೊಳಗಾಯಿತು. ತಮ್ಮನಾದ ಮೆಟ್‌ಫಾರ್ಮಿನ್ ಅಷ್ಟು ಒರಟಲ್ಲ. ಸರಿಯಾದ ದೇಹಕ್ಕೆ ಸರಿಯಾದ ಪ್ರಮಾಣದಲ್ಲಿ ಕೊಟ್ಟರೆ ಅದು ಬಹಳ ಸಾಧು ಔಷಧ. ಆದರೆ ಅಣ್ಣನ ಆ ಗುಣ ಇವನಲ್ಲಿಯೂ ಒಂದಿಷ್ಟು ಉಳಿದಿದೆ ಎಂಬುದನ್ನು ಮರೆಯಬಾರದು. ಮುಂದೆ ಮೂತ್ರಪಿಂಡದ ಮಾತು ಬಂದಾಗ ಇದು ಬೇಕಾಗುತ್ತದೆ.

ಅದು ಮಾಡುವ ಕೆಲಸವಿಷ್ಟೆ. ನಾವು ಉಣ್ಣದಿದ್ದಾಗಲೂ ಯಕೃತ್ತು ರಾತ್ರಿಯಿಡೀ ಸಕ್ಕರೆಯನ್ನು ತಯಾರಿಸಿ ರಕ್ತಕ್ಕೆ ಬಿಡುತ್ತಿರುತ್ತದೆ. ಮಧುಮೇಹದಲ್ಲಿ ಈ ತಯಾರಿಕೆ ಅಳತೆ ಮೀರುತ್ತದೆ, ಅದಕ್ಕೇ ರಾತ್ರಿ ಬರೀ ಒಂದು ರೊಟ್ಟಿ ತಿಂದು ಮಲಗಿದವರಿಗೂ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ರಕ್ತದ ಸಕ್ಕರೆ 180 ಬರುತ್ತದೆ. ಮೆಟ್‌ಫಾರ್ಮಿನ್ ಮುಖ್ಯವಾಗಿ ಈ ತಯಾರಿಕೆಯನ್ನು ತಗ್ಗಿಸುತ್ತದೆ. ಅದು ಸಕ್ಕರೆ ಇಳಿಸುವ ಇನ್ಸುಲಿನ್ನನ್ನು ಹಿಂಡಿ ತೆಗೆಯುವುದಿಲ್ಲವಾದ್ದರಿಂದ ಅದೊಂದನ್ನೇ ತೆಗೆದುಕೊಳ್ಳುವವರಿಗೆ ಸಕ್ಕರೆ ತೀರಾ ಕೆಳಗಿಳಿಯುವುದು ಅಪರೂಪ. ಅದರ ಕಾಟವೇನಿದ್ದರೂ ಹೊಟ್ಟೆಗೆ: ವಾಕರಿಕೆ, ಹೊಟ್ಟೆ ಉಬ್ಬರ, ತೆಳುಭೇದಿ, ಬಾಯಲ್ಲಿ ಕಬ್ಬಿಣದ ರುಚಿ. ಊಟದ ಜೊತೆ ಅಥವಾ ಊಟವಾದ ಕೂಡಲೇ ತೆಗೆದುಕೊಂಡರೆ, 500 ಮಿಲಿಗ್ರಾಮ್‌ನಿಂದ ಆರಂಭಿಸಿ ವಾರಗಳ ಅಂತರದಲ್ಲಿ ಮೆಲ್ಲಗೆ ಏರಿಸಿದರೆ ಬಹಳ ಜನರಿಗೆ ಈ ಕಾಟ ಕಡಿಮೆಯಾಗುತ್ತದೆ. ಮೂರು ದಿನ ಭೇದಿಯಾಯಿತೆಂದು ತಾವೇ ನಿಲ್ಲಿಸಿ ಆರು ತಿಂಗಳ ನಂತರ 350 ಹೊತ್ತುಕೊಂಡು ಬರುವವರಿದ್ದಾರೆ. ಆ ಮೂರನೆಯ ದಿನವೇ ಬಂದಿದ್ದರೆ ನಿಧಾನವಾಗಿ ಕರಗುವ ಬಗೆಯ ಗುಳಿಗೆಗೆ ಬದಲಿಸಬಹುದಿತ್ತು.

ನಿಧಾನವಾಗಿ ಕರಗುವ ಗುಳಿಗೆಯ ಹೆಸರಿನ ಬಾಲದಲ್ಲಿ ಎಸ್‌ಆರ್, ಎಕ್ಸ್‌ಆರ್ ಅಥವಾ ಇಆರ್ ಎಂದು ಇರುತ್ತದೆ. ಇದನ್ನು ಅರೆದು, ಕಡಿದು, ನೀರಲ್ಲಿ ಕರಗಿಸಿ ಕುಡಿಯಬಾರದು. ದಿನವಿಡೀ ಹನಿಹನಿಯಾಗಿ ಬಿಡಬೇಕಾದ ಔಷಧ ಒಮ್ಮೆಲೇ ಬಿಡುಗಡೆಯಾಗುತ್ತದೆ. ಗುಳಿಗೆ ದೊಡ್ಡದು, ಗಂಟಲಲ್ಲಿ ಇಳಿಯುವುದಿಲ್ಲ ಎನ್ನುವ ಹಿರಿಯರು ಅದನ್ನು ವೈದ್ಯರಿಗೆ ಹೇಳಬೇಕು, ಒರಳಿಗೆ ಹಾಕಬಾರದು. ಇನ್ನೊಂದು ಸಂಗತಿಯನ್ನು ಸಂಕೋಚವಿಲ್ಲದೆ ಹೇಳುತ್ತೇನೆ: ಈ ಬಗೆಯ ಕೆಲವು ಗುಳಿಗೆಗಳ ಹೊರಚಿಪ್ಪು ಮಲದಲ್ಲಿ ಇಡಿಯಾಗಿ ಕಾಣಿಸಿಕೊಳ್ಳುವುದುಂಟು. ‘ಗುಳಗಿ ಕರಗ್ಲೇ ಇಲ್ರಿ’ ಎಂದು ಹೆದರಿ ಮತ್ತೊಂದನ್ನು ನುಂಗಬೇಡಿ. ಔಷಧ ಒಳಗೆ ಸೇರಿರುತ್ತದೆ, ಬಂದಿರುವುದು ಬರೀ ಗೂಡು.

ವರ್ಷಗಟ್ಟಲೆ ಮೆಟ್‌ಫಾರ್ಮಿನ್ ತೆಗೆದುಕೊಂಡವರಲ್ಲಿ ಕೆಲವರಿಗೆ ಬಿ12 ಜೀವಸತ್ವ ಕಡಿಮೆಯಾಗುತ್ತದೆ. ಈ ಜೀವಸತ್ವ ನಮಗೆ ಸಿಗುವುದು ಮಾಂಸ, ಮೊಟ್ಟೆ, ಹಾಲು, ಮೊಸರಿನಿಂದ. ಸಸ್ಯಾಹಾರಿ ಮನೆತನಗಳು ಹೆಚ್ಚಾಗಿರುವ ನಮ್ಮ ಭಾಗದಲ್ಲಿ ಮೊದಲೇ ಅದರ ಸಂಗ್ರಹ ತೆಳುವಾಗಿರುತ್ತದೆ. ಅಂಗಾಲು ಜುಮುಗುಡುವುದನ್ನೆಲ್ಲ ‘ಶುಗರ್ ನರಕ್ಕೆ ಇಳಿದಿದೆ’ ಎಂದು ಒಪ್ಪಿಕೊಂಡು ಕೂರುವ ಮೊದಲು ಬಿ12 ಪರೀಕ್ಷೆ ಮಾಡಿಸಿ ಎಂದು ನಿಮ್ಮ ವೈದ್ಯರನ್ನು ಕೇಳಿ. ಕೊರತೆಯಿದ್ದರೆ ಅದನ್ನು ತುಂಬಿಕೊಡುವುದು ಕಷ್ಟವಲ್ಲ. ಕಾಣದೆ ಬಿಟ್ಟರೆ ನರಕ್ಕಾದ ಪೆಟ್ಟು ಪೂರ್ತಿ ಮಾಯದೆ ಉಳಿಯಬಹುದು.

ಈಗ ಎರಡನೆಯ ಕುಟುಂಬಕ್ಕೆ ಬರುತ್ತೇನೆ. ಗ್ಲಿಮೆಪಿರೈಡ್, ಗ್ಲಿಕ್ಲಜೈಡ್, ಗ್ಲಿಬೆನ್‌ಕ್ಲಮೈಡ್ ಇವು ಆ ಕುಟುಂಬದ ಹೆಸರುಗಳು. ಇವು ಮೇದೋಜ್ಜೀರಕ ಗ್ರಂಥಿಯನ್ನು ಒತ್ತಾಯಿಸಿ ಇನ್ಸುಲಿನ್ ಹೊರಡಿಸುತ್ತವೆ. 1942ರಲ್ಲಿ, ಯುದ್ಧಕಾಲದ ಫ್ರಾನ್ಸಿನ ಮಾಂಪೆಲ್ಯೇ ನಗರದಲ್ಲಿ ವೈದ್ಯ ಮಾರ್ಸೆಲ್ ಜಾನ್‌ಬೋನ್ ವಿಷಮಶೀತ ಜ್ವರಕ್ಕೆಂದು ಒಂದು ಹೊಸ ಸಲ್ಫಾ ಔಷಧವನ್ನು ಕೊಡುತ್ತಿದ್ದರು. ಜ್ವರದಿಂದ ಬಳಲಿ ಸರಿಯಾಗಿ ಉಣ್ಣದಿದ್ದ ಆ ರೋಗಿಗಳಲ್ಲಿ ಕೆಲವರ ರಕ್ತದ ಸಕ್ಕರೆ ಕುಸಿದು ಪ್ರಾಣಕ್ಕೆ ಬಂತು. ಈ ಕುಟುಂಬ ಹುಟ್ಟಿದ್ದೇ ಹಾಗೆ: ಉಣ್ಣದವರ ಸಕ್ಕರೆಯನ್ನು ಕೆಡವಿದ ಒಂದು ಅವಘಡದಿಂದ. ಈ ಸಂಗತಿ ನನಗೆ ಬಹಳ ಅರ್ಥಪೂರ್ಣವಾಗಿ ಕಾಣುತ್ತದೆ, ಏಕೆಂದರೆ ಎಂಟು ದಶಕಗಳ ನಂತರವೂ ಅದರ ಅಪಾಯ ಅಲ್ಲಿಯೇ ಇದೆ. ನೀವು ಉಂಡಿದ್ದೀರೋ ಇಲ್ಲವೋ ಎಂದು ಈ ಗುಳಿಗೆ ಕೇಳುವುದಿಲ್ಲ; ಒಳಗೆ ಹೋದ ಮೇಲೆ ಇನ್ಸುಲಿನ್ನನ್ನು ಹೊರಡಿಸಿಯೇ ತೀರುತ್ತದೆ.

ಕೆಲವು ವರ್ಷಗಳ ಹಿಂದೆ ಶಿವರಾತ್ರಿಯ ಮರುದಿನ ನಸುಕಿನಲ್ಲಿ ಆಳಂದ ಕಡೆಯ ಹಳ್ಳಿಯಿಂದ ಎಪ್ಪತ್ತರ ಆಸುಪಾಸಿನ ಒಬ್ಬ ತಾಯಿಯನ್ನು ಜೀಪಿನಲ್ಲಿ ಹಾಕಿಕೊಂಡು ಬಂದರು. ಮೈಯೆಲ್ಲ ಬೆವರಿನಿಂದ ತೊಯ್ದು ಸೀರೆ ಒದ್ದೆಯಾಗಿತ್ತು, ಬಲಗೈ ಎತ್ತುತ್ತಿರಲಿಲ್ಲ, ಮಾತು ತೊದಲುತ್ತಿತ್ತು. ‘ಅವ್ವಗ ಲಕ್ವಾ ಹೊಡದದ್ರಿ’ ಎಂದು ಮಗ ಅಳುತ್ತಿದ್ದ. ಬೆರಳು ಚುಚ್ಚಿ ನೋಡಿದರೆ ಮೀಟರಿನಲ್ಲಿ 34 ಇತ್ತು. ರಕ್ತನಾಳದ ಮೂಲಕ ಗ್ಲೂಕೋಸ್ ಏರಿಸಿದ ಹತ್ತು ನಿಮಿಷಕ್ಕೆ ಕಣ್ಣು ಬಿಟ್ಟು ಮಗನನ್ನು ಗುರುತಿಸಿದರು, ಕೈಯೂ ಎದ್ದಿತು. ಲಕ್ವಾ ಅಲ್ಲ, ಸಕ್ಕರೆ ಕುಸಿದದ್ದು. ಹಿಂದಿನ ದಿನ ಉಪವಾಸವಿದ್ದು ಒಂದು ಬಾಳೆಹಣ್ಣು, ನಾಲ್ಕು ಖರ್ಜೂರ ತಿಂದಿದ್ದರು. ಆದರೆ ‘ಡಾಕ್ಟರ್ ಗುಳಗಿ ತಪ್ಪಸಬ್ಯಾಡ ಅಂದಾರ’ ಎಂದು ಗ್ಲಿಮೆಪಿರೈಡ್ ಸೇರಿ ಎರಡು ಔಷಧ ಒಂದರಲ್ಲೇ ಇದ್ದ ಜೋಡಿ ಗುಳಿಗೆಯನ್ನು ಬೆಳಿಗ್ಗೆಯೂ ಸಂಜೆಯೂ ನುಂಗಿದ್ದರು. ಹಾಗೆ ಹೇಳಿದ್ದ ಡಾಕ್ಟರ್ ನಾನೇ. ಚೀಟಿ ಬರೆದುಕೊಟ್ಟಾಗ ಉಪವಾಸ ಮಾಡುತ್ತೀರಾ ಎಂದು ಕೇಳಿರಲಿಲ್ಲ. ಆ ದಿನದಿಂದ ಕೇಳುತ್ತಿದ್ದೇನೆ.

ಕಥೆ ಅಷ್ಟಕ್ಕೇ ಮುಗಿಯಲಿಲ್ಲ. ಎಚ್ಚರವಾದರಲ್ಲ, ಮನೆಗೆ ಕರೆದುಕೊಂಡು ಹೋಗುತ್ತೇವೆ ಎಂದು ಮನೆಯವರು ಹಟ ಹಿಡಿದರು. ನಾನು ಬಿಡಲಿಲ್ಲ. ಮಧ್ಯಾಹ್ನ ಮೂರರ ಹೊತ್ತಿಗೆ ಸಕ್ಕರೆ ಮತ್ತೆ 52ಕ್ಕೆ ಇಳಿಯಿತು. ಈ ಕುಟುಂಬದ ಗುಳಿಗೆಗಳ ಪ್ರಭಾವ ಒಂದು ದಿನ, ಮೂತ್ರಪಿಂಡ ಸೋತವರಲ್ಲಿ ಅದಕ್ಕೂ ಹೆಚ್ಚು ಕಾಲ ಉಳಿಯಬಲ್ಲದು. ಒಮ್ಮೆ ಸಕ್ಕರೆ ತಿನ್ನಿಸಿ ಎಬ್ಬಿಸಿದ ಮಾತ್ರಕ್ಕೆ ಗಂಡಾಂತರ ಕಳೆಯಿತೆಂದು ತಿಳಿಯಬಾರದು. ಮೂತ್ರಪಿಂಡದ ಸ್ಥಿತಿ ಹೇಳುವ ಕ್ರಿಯಾಟಿನಿನ್ ಎಂಬ ರಕ್ತಪರೀಕ್ಷೆಯಲ್ಲಿ ಆ ತಾಯಿಗೆ 2.1 ಬಂತು, ಮೂತ್ರಪಿಂಡ ಸೋತಿದ್ದರ ಗುರುತು. ಒಂದು ವರ್ಷದಿಂದ ಅದನ್ನು ಯಾರೂ ನೋಡಿರಲಿಲ್ಲ.

ಸಕ್ಕರೆ 70ಕ್ಕಿಂತ ಕೆಳಗಿಳಿದರೆ ಅದನ್ನು ‘ಲೋ’ ಎನ್ನುತ್ತೇವೆ. ಕೈನಡುಕ, ತಣ್ಣನೆಯ ಬೆವರು, ಎದೆ ಡವಡವ, ತಡೆಯಲಾರದ ಹಸಿವು, ಕಾರಣವಿಲ್ಲದ ಸಿಟ್ಟು, ಮಂಕು ಇವು ಲಕ್ಷಣಗಳು. ಮನೆಯಲ್ಲಿ ಅಜ್ಜ ಸುಮ್ಮಸುಮ್ಮನೆ ಸೊಸೆಯ ಮೇಲೆ ರೇಗಿದರೆ ಮೊದಲು ಬೆರಳು ಚುಚ್ಚಿ ನೋಡಿ ಎಂದು ನಾನು ಹೇಳುವುದು ತಮಾಷೆಗಲ್ಲ. ಬಿಪಿಗೆ ಅಥವಾ ಹೃದಯಕ್ಕೆ ಅಟೆನೊಲಾಲ್, ಮೆಟೊಪ್ರೊಲಾಲ್ ಜಾತಿಯ ಗುಳಿಗೆ ತೆಗೆದುಕೊಳ್ಳುವವರಲ್ಲಿ ನಡುಕವೂ ಎದೆಬಡಿತವೂ ಕಾಣಿಸದೆ ಬರೀ ಬೆವರು ಮಾತ್ರ ಕಾಣಿಸಬಹುದು. ನಮ್ಮ ಬೇಸಿಗೆಯಲ್ಲಿ ಬೆವರನ್ನು ಯಾರು ಲೆಕ್ಕಕ್ಕೆ ಹಿಡಿಯುತ್ತಾರೆ? ಅದಕ್ಕೇ ಸಂದೇಹ ಬಂದ ಕೂಡಲೇ ಪರೀಕ್ಷಿಸಬೇಕು, ಮೀಟರ್ ಇಲ್ಲದಿದ್ದರೆ ಲೋ ಆಗಿದೆ ಎಂದೇ ತಿಳಿದು ಉಪಚರಿಸಬೇಕು. ಸುಮಾರು 15 ಗ್ರಾಂ ಸಕ್ಕರೆ, ಎಂದರೆ ಮೂರು ಚಹಾ ಚಮಚ, ನೀರಿನಲ್ಲಿ ಕಲಸಿ ಕುಡಿಸಿ. ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿ. ಏರದಿದ್ದರೆ ಮತ್ತೊಮ್ಮೆ ಅಷ್ಟೇ ಕೊಡಿ. ಏರಿದ ಮೇಲೆ ಒಂದಿಷ್ಟು ಊಟ ಮಾಡಿಸಿ. ಎಚ್ಚರ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಹಾಕಬೇಡಿ, ಅದು ಶ್ವಾಸನಾಳಕ್ಕೆ ಹೋಗುತ್ತದೆ. ಒಂದು ಮಗ್ಗುಲಿಗೆ ಹೊರಳಿಸಿ ಮಲಗಿಸಿ 108ಕ್ಕೆ ಕರೆ ಮಾಡಿ.

ಇಲ್ಲೊಂದು ಸೂಕ್ಷ್ಮವಿದೆ, ಅದನ್ನು ಬಹಳ ಜನರಿಗೆ ಯಾರೂ ಹೇಳಿರುವುದಿಲ್ಲ. ಈ ಮೇಜಿನ ಮೇಲೆ ಮೂರು ಔಷಧ ಒಟ್ಟಿಗಿರುವ ಗುಳಿಗೆಗಳನ್ನು ಐದಾರು ಕಡೆ ಕಂಡೆ. ಅವುಗಳಲ್ಲಿ ಮೂರನೆಯ ಹೆಸರು ವೊಗ್ಲಿಬೋಸ್. ಅದು ಕರುಳಿನಲ್ಲಿ ಸಕ್ಕರೆ ಮತ್ತು ಹಿಟ್ಟಿನ ಪದಾರ್ಥಗಳು ಒಡೆಯುವುದನ್ನು ತಡೆದು ಊಟದ ನಂತರದ ಏರಿಕೆಯನ್ನು ತಗ್ಗಿಸುತ್ತದೆ. ಅಡುಗೆಮನೆಯ ಸಕ್ಕರೆ, ಬೆಲ್ಲ ಕರುಳಿನಲ್ಲಿ ಒಡೆದ ಮೇಲೆಯೇ ರಕ್ತಕ್ಕೆ ಸೇರಬೇಕು, ಆ ಬಾಗಿಲಿಗೆ ಈ ಗುಳಿಗೆ ಚಿಲಕ ಹಾಕಿರುತ್ತದೆ. ಹೀಗಾಗಿ ವೊಗ್ಲಿಬೋಸ್ ತೆಗೆದುಕೊಳ್ಳುವವರಿಗೆ ಲೋ ಆದಾಗ ಬೆಲ್ಲದ ತುಂಡು ಬೇಗ ಕೆಲಸ ಮಾಡುವುದಿಲ್ಲ. ಅವರಿಗೆ ಬೇಕಾದದ್ದು ಒಡೆಯುವ ಅಗತ್ಯವೇ ಇಲ್ಲದ ಗ್ಲೂಕೋಸ್ ಪುಡಿ. ಯಾವ ಕಿರಾಣಿ ಅಂಗಡಿಯಲ್ಲಿಯೂ ಸಿಗುತ್ತದೆ. ಒಂದು ಪೊಟ್ಟಣ ಮನೆಯಲ್ಲಿ, ಒಂದು ಜೇಬಿನಲ್ಲಿ ಇರಲಿ.

ಗ್ಲಿಮೆಪಿರೈಡನ್ನು ದಿನದ ಮೊದಲ ಮುಖ್ಯ ಊಟದ ತುಸು ಮುಂಚೆ ಅಥವಾ ಅದರ ಜೊತೆಗೆ ತೆಗೆದುಕೊಳ್ಳಬೇಕು. ತಾಟು ಮುಂದೆ ಬಂದ ಮೇಲೆ ನುಂಗಿರಿ ಎನ್ನುವುದು ನನ್ನ ರೂಢಿ. ಬೆಳಿಗ್ಗೆ ಆರಕ್ಕೆ ಗುಳಿಗೆ ನುಂಗಿ, ಹೊಲಕ್ಕೆ ಹೋಗಿ, ಹತ್ತೂವರೆಗೆ ಬುತ್ತಿ ಬಿಚ್ಚುವವರಿಗೆ ಆ ನಾಲ್ಕು ತಾಸು ಅಪಾಯದ್ದು. ತದ್ವಿರುದ್ಧವಾದ ತಪ್ಪೂ ಇದೆ. ಎಳ್ಳ ಅಮಾವಾಸ್ಯೆಯ ದಿನ ಹೊಲದಲ್ಲಿ ಚರಗ ಚೆಲ್ಲಿ, ಭಜ್ಜಿ, ಸಜ್ಜೆಯ ಕಡಬು, ಶೇಂಗಾ ಹೋಳಿಗೆ ಎಲ್ಲವನ್ನೂ ತೃಪ್ತಿಯಾಗಿ ಉಂಡು, ‘ಇವತ್ತೊಂದು ಗುಳಗಿ ಜಾಸ್ತಿ ತಗೊಂಡ್ರಾತು’ ಎಂದು ಎರಡು ನುಂಗುವವರು. ಹೋಳಿಗೆಯ ಸಕ್ಕರೆ ಕೆಲವು ತಾಸಿನಲ್ಲಿ ಇಳಿಯುತ್ತದೆ, ಗುಳಿಗೆ ರಾತ್ರಿಯೂ ದುಡಿಯುತ್ತಿರುತ್ತದೆ. ಮರೆತ ಗುಳಿಗೆಯದೂ ಇದೇ ಲೆಕ್ಕ. ಬೆಳಗಿನದನ್ನು ಮರೆತರೆ ರಾತ್ರಿ ಎರಡು ಸೇರಿಸಿ ತೆಗೆದುಕೊಳ್ಳಬಾರದು. ಸಾರಾಯಿ ಕುಡಿಯುವವರು ಇನ್ನೂ ಒಂದನ್ನು ತಿಳಿದಿರಬೇಕು: ಖಾಲಿ ಹೊಟ್ಟೆಯ ಕುಡಿತ ಯಕೃತ್ತಿನ ಸಕ್ಕರೆ ತಯಾರಿಕೆಯನ್ನೇ ನಿಲ್ಲಿಸುತ್ತದೆ, ಅದರ ಮೇಲೆ ಈ ಗುಳಿಗೆ ಬಿದ್ದರೆ ಕುಸಿತ ಆಳವಾಗುತ್ತದೆ, ಮತ್ತು ನೋಡಿದವರು ಅಮಲೆಂದು ತಿಳಿದು ಮಲಗಲು ಬಿಡುತ್ತಾರೆ.

ಹೆಸರುಗಳ ಗೊಂದಲದ ಬಗ್ಗೆ ಒಂದು ಮಾತು. ಸ್ಟ್ರಿಪ್ ಮೇಲೆ ದೊಡ್ಡ ಅಕ್ಷರದಲ್ಲಿರುವುದು ಕಂಪನಿ ಇಟ್ಟ ಹೆಸರು. ಔಷಧದ ನಿಜವಾದ ಹೆಸರು ಅದರ ಕೆಳಗೆ ಸಣ್ಣ ಅಕ್ಷರದಲ್ಲಿರುತ್ತದೆ. ನನ್ನ ಹತ್ತಿರದ ಸಂಬಂಧಿಕರೊಬ್ಬರು ಒಂದು ಊರಿನ ವೈದ್ಯರು ಬರೆದದ್ದನ್ನೂ, ಮಗಳ ಊರಿಗೆ ಹೋದಾಗ ಅಲ್ಲಿನ ವೈದ್ಯರು ಬರೆದದ್ದನ್ನೂ ಎರಡು ತಿಂಗಳು ಒಟ್ಟಿಗೆ ತೆಗೆದುಕೊಂಡಿದ್ದರು. ಹೆಸರು ಬೇರೆ, ಬಣ್ಣ ಬೇರೆ, ಒಳಗಿನ ಔಷಧ ಎರಡರಲ್ಲಿಯೂ ಗ್ಲಿಮೆಪಿರೈಡ್ ಮತ್ತು ಮೆಟ್‌ಫಾರ್ಮಿನ್. ಸ್ನಾನದ ಮನೆಯಲ್ಲಿ ತಲೆ ಸುತ್ತಿ ಬಿದ್ದ ಮೇಲೆ ಗೊತ್ತಾಯಿತು. ಜೋಡಿ ಗುಳಿಗೆಗಳ ಹೆಸರಿನ ಮುಂದಿರುವ 1, 2 ಎಂಬ ಅಂಕಿ ಸಾಮಾನ್ಯವಾಗಿ ಗ್ಲಿಮೆಪಿರೈಡ್ ಎಷ್ಟು ಮಿಲಿಗ್ರಾಮ್ ಎಂಬುದನ್ನು ಹೇಳುತ್ತದೆ. ಒಂದರ ಬದಲು ಎರಡನೆಯದನ್ನು ತಂದರೆ ಪ್ರಮಾಣ ದುಪ್ಪಟ್ಟಾಯಿತು. ಕತ್ತರಿಸಿ ಕೊಡುವಾಗ ಹೆಸರು ಮತ್ತು ಅವಧಿ ಮುಗಿಯುವ ದಿನಾಂಕ ಉಳಿಯುವಂತೆ ಕತ್ತರಿಸಿರೆಂದು ಅಂಗಡಿಯವರಿಗೆ ಹೇಳಿ. ಜನೌಷಧಿ ಕೇಂದ್ರದಲ್ಲಿ ಇವೇ ಔಷಧಗಳು ಮೂಲ ಹೆಸರಿನಲ್ಲಿ ಕಡಿಮೆ ಬೆಲೆಗೆ ಸಿಗುತ್ತವೆ. ಮೂಲ ಹೆಸರು ಗೊತ್ತಿದ್ದರೆ ಅಲ್ಲಿ ಕೊಳ್ಳುವುದೂ ಸುಲಭ.

ಈಚಿನ ವರ್ಷಗಳಲ್ಲಿ ಹೊಸ ಗುಳಿಗೆಗಳು ಬಂದಿವೆ. ಸಿಟಾಗ್ಲಿಪ್ಟಿನ್, ವಿಲ್ಡಾಗ್ಲಿಪ್ಟಿನ್, ಟೆನೆಲಿಗ್ಲಿಪ್ಟಿನ್ ಮುಂತಾದವು ತಾವಾಗಿಯೇ ಲೋ ಮಾಡುವುದು ಕಡಿಮೆ, ಅವುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪಯೊಗ್ಲಿಟಜೋನ್ ಕಾಲುಬಾವು ತರಬಹುದು, ಹೃದಯ ಸೋತವರಿಗೆ ಸಲ್ಲದು. ನಿಂತು ನೋಡಬೇಕಾದದ್ದು ಡಾಪಾಗ್ಲಿಫ್ಲೋಜಿನ್ ಮತ್ತು ಎಂಪಾಗ್ಲಿಫ್ಲೋಜಿನ್. ನಮ್ಮಲ್ಲಿ ಮೊದಲನೆಯದರ ಪೇಟೆಂಟ್ 2020ರಲ್ಲಿ, ಎರಡನೆಯದರದು 2025ರಲ್ಲಿ ಮುಗಿದು ಬೆಲೆ ಇಳಿದಿರುವುದರಿಂದ ಇವು ಹಳ್ಳಿಗಳಿಗೂ ತಲುಪಿವೆ. ಇವು ಹೆಚ್ಚಿನ ಸಕ್ಕರೆಯನ್ನು ಮೂತ್ರದ ಮೂಲಕ ಹೊರಹಾಕುತ್ತವೆ. ಹೃದಯಕ್ಕೂ ಮೂತ್ರಪಿಂಡಕ್ಕೂ ಒಳ್ಳೆಯದು ಮಾಡುತ್ತವೆ ಎಂಬುದು ದೃಢಪಟ್ಟಿದೆ. ಆದರೆ ಸಕ್ಕರೆಯ ಜೊತೆ ನೀರೂ ಹೋಗುತ್ತದೆ, ಮತ್ತು ಸಕ್ಕರೆ ತುಂಬಿದ ಮೂತ್ರದಿಂದಾಗಿ ಗುಪ್ತಾಂಗದಲ್ಲಿ ಬೂಷ್ಟಿನ ಸೋಂಕು, ತುರಿಕೆ ಆಗಬಹುದು. ನಮ್ಮ ತಾಯಂದಿರು ಇದನ್ನು ತಿಂಗಳುಗಟ್ಟಲೆ ಹೇಳದೆ ಸಹಿಸುತ್ತಾರೆ. ಹೇಳಿಕೊಳ್ಳಬೇಕಾದ ತೊಂದರೆ ಇದು, ಔಷಧದಿಂದ ಬಂದದ್ದು, ನಾಚಿಕೆಯದಲ್ಲ.

ಇನ್ನೊಂದು ಅಪರೂಪದ, ಆದರೆ ಭಾರಿ ಅಪಾಯವಿದೆ. ಊಟ ಬಿಟ್ಟಾಗ, ವಾಂತಿಯಾಗುತ್ತಿರುವಾಗ, ರೊಟ್ಟಿ ಅನ್ನ ಪೂರ್ತಿ ತೊರೆದು ತೂಕ ಇಳಿಸಲು ಹೊರಟಾಗ ಈ ಗುಳಿಗೆ ಮುಂದುವರಿದರೆ ರಕ್ತದಲ್ಲಿ ಕೀಟೋನ್ ಎಂಬ ಆಮ್ಲ ತುಂಬಿಕೊಳ್ಳಬಹುದು. ಮೀಟರಿನಲ್ಲಿ 180 ಮಾತ್ರ ತೋರಿಸುತ್ತಿರುತ್ತದೆ. ರೋಗಿ ಮಾತ್ರ ಹೊಟ್ಟೆ ಹಿಡಿದುಕೊಂಡು ಏದುಸಿರು ಬಿಡುತ್ತಿರುತ್ತಾನೆ. ಮೀಟರ್ ನೋಡಿ ಸಮಾಧಾನಪಟ್ಟುಕೊಳ್ಳದೆ ಆಸ್ಪತ್ರೆಗೆ ಹೋಗಿ, ಈ ಗುಳಿಗೆ ತೆಗೆದುಕೊಳ್ಳುತ್ತೇನೆಂದು ಬಾಯಿಬಿಟ್ಟು ಹೇಳಬೇಕು. ದೊಡ್ಡ ಶಸ್ತ್ರಚಿಕಿತ್ಸೆ ಇದ್ದರೆ ಇದನ್ನು ಮೂರು ದಿನ ಮುಂಚೆಯೇ ನಿಲ್ಲಿಸಲು ಹೇಳುತ್ತಾರೆ.

ವಾಂತಿಭೇದಿಯ ದಿನದ ಮಾತು ಇಲ್ಲಿಗೇ ಹೊಂದುತ್ತದೆ. ಮೇ ತಿಂಗಳಲ್ಲಿ ನಮ್ಮಲ್ಲಿ ಬಿಸಿಲು 43 ಡಿಗ್ರಿ ದಾಟುವುದು ಹೊಸದಲ್ಲ. ಮದುವೆ ಊಟ ಮಾಡಿ ಬಂದು ರಾತ್ರಿಯಿಡೀ ಭೇದಿಯಾದವರ ದೇಹದಲ್ಲಿ ನೀರು ಬತ್ತಿರುತ್ತದೆ, ಮೂತ್ರಪಿಂಡಕ್ಕೆ ರಕ್ತ ಕಡಿಮೆ ಹರಿಯುತ್ತಿರುತ್ತದೆ. ಮೆಟ್‌ಫಾರ್ಮಿನ್ ದೇಹದಿಂದ ಹೊರಹೋಗುವ ದಾರಿ ಮೂತ್ರಪಿಂಡ ಒಂದೇ. ಅದು ಮುಚ್ಚಿದರೆ ಔಷಧ ಒಳಗೇ ಕೂಡಿಕೊಂಡು, ನಾನು ಮೊದಲು ಹೇಳಿದ ಆ ಅಣ್ಣನ ಗುಣವನ್ನು ತೋರಿಸುತ್ತದೆ. ಆದ್ದರಿಂದ ಅನ್ನ ನೀರು ನಿಲ್ಲದ ದಿನ ಮೆಟ್‌ಫಾರ್ಮಿನ್ನನ್ನೂ ಡಾಪಾಗ್ಲಿಫ್ಲೋಜಿನ್ ಜಾತಿಯದನ್ನೂ ತಡೆಹಿಡಿದು, ವೈದ್ಯರಿಗೆ ಫೋನ್ ಮಾಡಿ, ಒಂದೆರಡು ದಿನ ಸರಿಯಾಗಿ ಉಂಡು ಕುಡಿಯುವಂತಾದ ಮೇಲೆ ಪುನಃ ಆರಂಭಿಸಬೇಕು. ಗ್ಲಿಮೆಪಿರೈಡ್ ಊಟವಿಲ್ಲದೆ ಬೇಡ. ಬಿಪಿಯ ಕೆಲವು ಗುಳಿಗೆಗಳಿಗೂ ಆ ದಿನ ಇದೇ ನಿಯಮ ಅನ್ವಯಿಸಬಹುದಾದ್ದರಿಂದ ಅದನ್ನೂ ಕೇಳಿ. ಮೈಕೈ ನೋವಿಗೆಂದು ಅಂಗಡಿಯಿಂದ ಡೈಕ್ಲೋಫೆನಾಕ್ ತಂದು ನುಂಗಬೇಡಿ, ಬತ್ತಿದ ಮೂತ್ರಪಿಂಡಕ್ಕೆ ಅದು ಪೆಟ್ಟು. ಹಾಗೆಂದು ಎಲ್ಲ ಗುಳಿಗೆ ಬಿಟ್ಟು ಸುಮ್ಮನೆ ಮಲಗುವುದೂ ಸರಿಯಲ್ಲ. ಜ್ವರವಿದ್ದಾಗ ಊಟವಿಲ್ಲದೆಯೂ ಸಕ್ಕರೆ ಏರಬಹುದು, ನಾಲ್ಕೈದು ತಾಸಿಗೊಮ್ಮೆ ಪರೀಕ್ಷಿಸಿ. ಓಆರ್‌ಎಸ್‌ನಲ್ಲಿ ಸಕ್ಕರೆ ಇದೆಯೆಂದು ಮಧುಮೇಹಿಗಳು ಅದನ್ನು ಮುಟ್ಟುವುದಿಲ್ಲ. ಒಂದು ಲೀಟರ್ ದ್ರಾವಣದಲ್ಲಿರುವ ಗ್ಲೂಕೋಸ್ 13.5 ಗ್ರಾಂ ಮಾತ್ರ, ಮತ್ತು ಉಪ್ಪು ನೀರು ಕರುಳಿನಿಂದ ಒಳಗೆ ಸೇರಲು ಅದು ಬೇಕೇ ಬೇಕು. ಭೇದಿಯಾದಾಗ ಧಾರಾಳವಾಗಿ ಕುಡಿಯಿರಿ.

ಮೂತ್ರಪಿಂಡದ ಶಕ್ತಿಯನ್ನು ಇಜಿಎಫ್‌ಆರ್ ಎಂಬ ಅಂಕಿಯಿಂದ ಅಳೆಯುತ್ತೇವೆ. ಕ್ರಿಯಾಟಿನಿನ್ ರಿಪೋರ್ಟಿನ ಪಕ್ಕದಲ್ಲಿಯೇ ಇರುತ್ತದೆ. ಅದು 45ಕ್ಕಿಂತ ಕೆಳಗಿಳಿದರೆ ಮೆಟ್‌ಫಾರ್ಮಿನ್ ಪ್ರಮಾಣವನ್ನು ತಗ್ಗಿಸುತ್ತೇವೆ, 30ಕ್ಕಿಂತ ಕೆಳಗಿಳಿದರೆ ನಿಲ್ಲಿಸುತ್ತೇವೆ. ವರ್ಷಕ್ಕೊಮ್ಮೆಯಾದರೂ, ಕಡಿಮೆಯಿರುವವರು ಮೂರರಿಂದ ಆರು ತಿಂಗಳಿಗೊಮ್ಮೆ ಇದನ್ನು ನೋಡಿಸಬೇಕು. ಬಣ್ಣದ ಔಷಧ ಚುಚ್ಚಿ ಮಾಡುವ ಸಿಟಿ ಸ್ಕ್ಯಾನ್ ಅಥವಾ ಆ್ಯಂಜಿಯೋಗ್ರಾಮ್‌ಗೆ ಹೋಗುವವರು ಮೆಟ್‌ಫಾರ್ಮಿನ್ ತೆಗೆದುಕೊಳ್ಳುವುದನ್ನು ಮೊದಲೇ ತಿಳಿಸಬೇಕು. ಮೂತ್ರಪಿಂಡ ದುರ್ಬಲವಿದ್ದವರಿಗೆ ಅದನ್ನು ನಿಲ್ಲಿಸಿ, 48 ತಾಸಿನ ನಂತರ ಕ್ರಿಯಾಟಿನಿನ್ ನೋಡಿ ಮತ್ತೆ ಆರಂಭಿಸಲು ಹೇಳುತ್ತಾರೆ. ಗರ್ಭಿಣಿಯಾಗುವ ಯೋಚನೆಯಿರುವ ಹೆಣ್ಣುಮಕ್ಕಳು ಗುಳಿಗೆಗಳ ಪಟ್ಟಿಯನ್ನು ಮೊದಲೇ ವೈದ್ಯರಿಗೆ ತೋರಿಸಿಕೊಳ್ಳಬೇಕು.

ಉಪವಾಸಕ್ಕೆ ಬರೋಣ. ಶರಣಬಸವೇಶ್ವರರ ಗುಡಿಯೂ ಖಾಜಾ ಬಂದೇ ನವಾಜರ ದರ್ಗಾವೂ ಇರುವ ಊರು ನಮ್ಮದು, ಶ್ರಾವಣ ಸೋಮವಾರವೂ ರೋಜಾವೂ ಇಲ್ಲಿ ನಡೆಯುತ್ತವೆ. ಅವನ್ನು ಬಿಡಿ ಎಂದು ಒಂದೇ ಏಟಿಗೆ ಹೇಳುವ ವೈದ್ಯನ ಮಾತನ್ನು ಯಾರೂ ಕೇಳುವುದಿಲ್ಲ, ಮುಚ್ಚಿಟ್ಟು ಮಾಡುತ್ತಾರೆ. ಮುಚ್ಚಿಡುವುದೇ ಹೆಚ್ಚು ಅಪಾಯ. ರಂಜಾನ್‌ಗೆ ಒಂದೆರಡು ತಿಂಗಳು ಮುಂಚೆ ಬನ್ನಿ. ಸಾಮಾನ್ಯವಾಗಿ ಗ್ಲಿಮೆಪಿರೈಡನ್ನು ಇಫ್ತಾರ್ ಊಟಕ್ಕೆ ಸರಿಸಿ, ಬೇಕಿದ್ದರೆ ಪ್ರಮಾಣ ಇಳಿಸಿ, ಮೆಟ್‌ಫಾರ್ಮಿನ್‌ನ ದೊಡ್ಡ ಪಾಲನ್ನು ಇಫ್ತಾರ್‌ಗೂ ಸಣ್ಣ ಪಾಲನ್ನು ನಸುಕಿನ ಸೆಹ್ರಿ ಊಟಕ್ಕೂ ಹಂಚುತ್ತೇವೆ. ಬೆರಳು ಚುಚ್ಚಿ ನೋಡಿದರೆ ರೋಜಾ ಮುರಿಯುವುದಿಲ್ಲವೆಂದು ಧರ್ಮಪಂಡಿತರೂ ಒಪ್ಪುತ್ತಾರೆ. 70ಕ್ಕಿಂತ ಕೆಳಗೆ ಅಥವಾ 300ಕ್ಕಿಂತ ಮೇಲೆ ಹೋದರೆ ಆ ದಿನ ರೋಜಾ ಬಿಡಬೇಕು. ಮೂತ್ರಪಿಂಡ ಕೆಟ್ಟವರು, ಈಚೆಗೆ ಪದೇಪದೇ ಲೋ ಆದವರು ಹಿಡಿಯದಿರುವುದೇ ಲೇಸು. ನಮ್ಮ ಹಬ್ಬದ ಉಪವಾಸದಲ್ಲಿ ಬೇರೆಯೇ ವಿಚಿತ್ರ: ಹಗಲೆಲ್ಲ ಖಾಲಿ, ಸಂಜೆ ತಟ್ಟೆ ತುಂಬ ಸಾಬೂದಾನಿ ಖಿಚಡಿ. ಸಾಬೂದಾನಿ ಎಂದರೆ ಶುದ್ಧ ಹಿಟ್ಟು, ಸಕ್ಕರೆಯನ್ನು ಸರ್ರನೆ ಏರಿಸುತ್ತದೆ. ಯುಗಾದಿಗೆ ಶ್ರೀಶೈಲಕ್ಕೆ ನಡೆದುಹೋಗುವವರಂತೂ ಮೊದಲೇ ಕೇಳಿ ಹೋಗಬೇಕು. ದಿನಕ್ಕೆ ಮೂವತ್ತು ಕಿಲೋಮೀಟರ್ ನಡೆಯುವ ದೇಹಕ್ಕೆ ಮನೆಯಲ್ಲಿ ಕೂತವರ ಪ್ರಮಾಣ ಹೆಚ್ಚಾಗಬಹುದು.

ಗುಳಿಗೆಗಳನ್ನು 30 ಡಿಗ್ರಿಗಿಂತ ಕಡಿಮೆ ಬಿಸಿಯಲ್ಲಿ ಇಡಬೇಕೆಂದು ಬಹುತೇಕ ಪೊಟ್ಟಣಗಳ ಮೇಲೆ ಬರೆದಿರುತ್ತದೆ. ಪತ್ರಾಸ್ ಮಾಡಿನ ಕೆಳಗಿನ ಗೂಡು, ಬಿಸಿಲಿಗೆ ನಿಂತ ಸ್ಕೂಟರಿನ ಡಿಕ್ಕಿ ಇವೆರಡೂ ಆಗದು. ಶಹಾಬಾದ್ ಪರಸಿ ಹಾಸಿದ ಒಳಕೋಣೆಯ ನೆಲಮಟ್ಟದ ಗೂಡು ಒಳ್ಳೆಯ ಜಾಗ. ಮೀಟರಿನ ಪಟ್ಟಿಗಳ ಡಬ್ಬಿಯ ಮುಚ್ಚಳವನ್ನು ತೆಗೆದ ಕೂಡಲೇ ಮುಚ್ಚಿ. ಗಾಳಿ ತಾಗಿದ ಪಟ್ಟಿ ಸುಳ್ಳು ಅಂಕಿ ಹೇಳುತ್ತದೆ.

ಕೊನೆಗೆ ಸಭೆಯಿಂದ ಬಂದ ಪ್ರಶ್ನೆಗಳು. ಜೋಳದ ರೊಟ್ಟಿ ಎಷ್ಟು ತಿಂದರೂ ನಡೆಯುತ್ತದಲ್ಲವೇ ಎಂದು ಒಬ್ಬರು ಕೇಳಿದರು. ನಡೆಯುವುದಿಲ್ಲ. ಅಕ್ಕಿಗಿಂತ ಮೆಲ್ಲಗೆ ಏರಿಸಬಹುದು, ಆದರೆ ನಾಲ್ಕು ರೊಟ್ಟಿಯ ಹಿಟ್ಟು ಹಿಟ್ಟೇ. ಎರಡು ರೊಟ್ಟಿ, ತಾಟಿನ ಅರ್ಧದಷ್ಟು ಪುಂಡಿಪಲ್ಯೆಯಂಥ ಸೊಪ್ಪು, ಜೊತೆಗೆ ಬೇಳೆ ಇದ್ದರೆ ಗುಳಿಗೆಗೂ ಕೆಲಸ ಹಗುರ. ಹೆಸರಿಲ್ಲದ ಪುಡಿಗಳ ಬಗ್ಗೆ ಇನ್ನೊಬ್ಬರು ಕೇಳಿದರು. ಗಿಡಮೂಲಿಕೆ ಎಂದು ಮಾರಿದ ಪುಡಿಗಳಲ್ಲಿ ಗ್ಲಿಬೆನ್‌ಕ್ಲಮೈಡ್ ಬೆರೆಸಿದ್ದು ಹಲವು ದೇಶಗಳಲ್ಲಿ ಸಿಕ್ಕಿಬಿದ್ದಿದೆ. ಒಳಗೇನಿದೆಯೆಂದು ಬರೆಯದ ಪುಡಿಯನ್ನು ಗುಳಿಗೆಯ ಜೊತೆ ತೆಗೆದುಕೊಂಡರೆ ಪ್ರಮಾಣ ಎಷ್ಟಾಯಿತೆಂದು ನಿಮಗೂ ಗೊತ್ತಿರುವುದಿಲ್ಲ, ನನಗೂ ಗೊತ್ತಾಗುವುದಿಲ್ಲ.

ಎದುರಿನ ಸಾಲಿನಲ್ಲಿ ಕುಳಿತಿದ್ದ ನಿವೃತ್ತ ಮಾಸ್ತರರೊಬ್ಬರು, ‘ಇವನ್ನ ಸಾಯೋತನಾ ತಗೋಬೇಕೇನ್ರಿ?’ ಎಂದರು. ಎಲ್ಲರಿಗೂ ಹಾಗೇನಿಲ್ಲ ಎಂದೆ. ಕಾಯಿಲೆ ಬಂದ ಹೊಸತರಲ್ಲಿ ಹದಿನೈದು ಕಿಲೋದಷ್ಟು ತೂಕ ಇಳಿಸಿದವರಲ್ಲಿ ಹಲವರು ಗುಳಿಗೆಯಿಲ್ಲದೆ ಇರಬಲ್ಲವರಾಗಿದ್ದಾರೆ. ಗುಳಿಗೆ ನಿಲ್ಲಿಸಿ ಮೂರು ತಿಂಗಳಾದ ಮೇಲೂ ಎಚ್‌ಬಿಎ1ಸಿ, ಎಂದರೆ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ರಕ್ತಪರೀಕ್ಷೆ, 6.5ಕ್ಕಿಂತ ಕೆಳಗಿದ್ದರೆ ಅದನ್ನು ಉಪಶಮನ ಎನ್ನುತ್ತೇವೆ, ಅಲ್ಲಿಂದ ಮುಂದೆಯೂ ವರ್ಷಕ್ಕೊಮ್ಮೆ ನೋಡಿಸುತ್ತಿರಬೇಕು. ಹಿರಿಯರಲ್ಲಿ ಇನ್ನೊಂದು ಬಗೆಯ ಇಳಿಕೆ ಇದೆ: ವಯಸ್ಸಾಗಿ ಊಟ ಕಡಿಮೆಯಾದಂತೆ, ಮೂತ್ರಪಿಂಡ ಸಡಿಲಾದಂತೆ, ಐವತ್ತರಲ್ಲಿ ಬರೆದ ಪ್ರಮಾಣ ಎಪ್ಪತ್ತೈದಕ್ಕೆ ಹೆಚ್ಚಾಗುತ್ತದೆ, ಆ ವಯಸ್ಸಿನಲ್ಲಿ ಎಚ್‌ಬಿಎ1ಸಿ 7ರ ಬದಲು 8ರ ಹತ್ತಿರ ಇದ್ದರೂ ಅನೇಕರಿಗೆ ಸಾಕು. ಆ ಮಾಸ್ತರರ ಚೀಟಿಯನ್ನು ಕೇಳಿ ನೋಡಿದೆ. ಆರು ವರ್ಷ ಹಳೆಯದು, ಮಡಿಕೆಯಲ್ಲಿ ಹರಿದಿತ್ತು, ಅದರಲ್ಲಿದ್ದ ಗ್ಲಿಮೆಪಿರೈಡ್ 4 ಮಿಲಿಗ್ರಾಮನ್ನು ಅವರು ಈಗಲೂ ತೆಗೆದುಕೊಳ್ಳುತ್ತಿದ್ದರು. ಈ ವಾರದಲ್ಲೇ ಕ್ರಿಯಾಟಿನಿನ್ ಮತ್ತು ಎಚ್‌ಬಿಎ1ಸಿ ಮಾಡಿಸಿ, ಅದೇ ವೈದ್ಯರಿಗೆ ಚೀಟಿಯ ಜೊತೆ ತೋರಿಸಿ, ಅಲ್ಲಿಯವರೆಗೆ ಒಂದು ಹೊತ್ತೂ ಊಟ ತಪ್ಪಿಸಬೇಡಿ ಎಂದು ಹೇಳಿ ಕಳುಹಿಸಿದೆ.